ಕಾಯಿ ಒಡೆದ ಮೇಲೆ ಹಾಡುವ ಪೆಟ್ಟಿಗೆ

ನನ್ನ ಅಣ್ಣನಿಗೆ ಈಗ ಏನು ಹೇಳಬೇಕಾದರೂ ಬರೆದು ಹೇಳಬೇಕು. ಕುಣಿಗಲ್ಲಿನ ಅವನ ಮನೆಯಲ್ಲಿ ಟೀವಿ ಸ್ಟ್ಯಾಂಡಿನ ಮೇಲೆ ಒಂದು ನೋಟ್‌ಬುಕ್ ಇದೆ. ಅದಕ್ಕೆ ದಾರದಲ್ಲಿ ಪೆನ್ನು ಕಟ್ಟಿದ್ದಾರೆ. ‘ನೀರು ಬಂತು, ಮೋಟರ್ ಹಾಕಿ’, ‘ಮಾತ್ರೆ ನುಂಗಿದ್ರಾ’, ‘ಗ್ಯಾಸಿನವನು ಬಂದಿದ್ದ’ ಎಂದೆಲ್ಲ ಅತ್ತಿಗೆ ಬರೆದಿರುತ್ತಾಳೆ. ಅಣ್ಣ ಓದಿ ಬಾಯಲ್ಲೇ ಉತ್ತರ ಕೊಡುತ್ತಾನೆ. ತನ್ನ ದನಿ ತನಗೇ ಕೇಳಿಸದ ಕಾರಣ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳುತ್ತಾನೆ.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಬರೆಯುವುದು ನನಗೆ ನಿಧಾನದ ಕೆಲಸ. ಆ ನೋಟ್‌ಬುಕ್ಕಿನಲ್ಲಿ ನಾನು ಬರೆಯಬೇಕಾದ ಒಂದು ಮಾತಿತ್ತು. ಬರೆಯಲು ಬಹಳ ದಿನ ಹಿಡಿಯಿತು. ಬರೆದ ಮೇಲೂ ಮುಗಿಯಲಿಲ್ಲ. ಅದಕ್ಕೇ ಮೊದಲಿನಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಗುಬ್ಬಿಯಲ್ಲಿ ಮೈಕ್‌ಸೆಟ್ ಇಟ್ಟಿದ್ದ. ಮದುವೆ, ನಾಟಕ, ಹರಿಕಥೆ, ಎಲೆಕ್ಷನ್, ಎಲ್ಲದಕ್ಕೂ ಅವನದೇ ಹಾರನ್ನು. ಆಗ ಅವನ ಹತ್ತಿರ ಇದ್ದದ್ದು ವಾಲ್ವಿನ ಆಂಪ್ಲಿಫೈಯರು. ಇಬ್ಬರು ಹಿಡಿದು ಎತ್ತುವಷ್ಟು ಭಾರದ ಕಬ್ಬಿಣದ ಪೆಟ್ಟಿಗೆ, ಹಿಂದುಗಡೆ ಜಾಲರಿ, ಜಾಲರಿಯೊಳಗೆ ಗಾಜಿನ ವಾಲ್ವುಗಳು. ಸ್ವಿಚ್ ಹಾಕಿದರೆ ಅದು ಕೂಡಲೇ ಹಾಡುವುದಿಲ್ಲ. ಗಾಜಿನೊಳಗಿನ ತಂತಿ ಕಾದು ಕೆಂಪಾಗಬೇಕು. ಅರ್ಧ ನಿಮಿಷವಾದರೂ ಬೇಕು.

ಆ ಅರ್ಧ ನಿಮಿಷದಲ್ಲಿ ಅಣ್ಣ ಪೂಜೆ ಮಾಡುತ್ತಿದ್ದ. ಎಲ್ಲೇ ಕೆಲಸಕ್ಕೆ ಹೋಗಲಿ, ಮೊದಲು ಸ್ವಿಚ್ಚು, ಆಮೇಲೆ ಊದುಬತ್ತಿ, ಕರ್ಪೂರ, ಕೊನೆಗೆ ಕಾಯಿ. ಕಾಯಿ ಎರಡು ಹೋಳಾಗುವ ಹೊತ್ತಿಗೆ ಸರಿಯಾಗಿ ಮರದ ಮೇಲಿನ ಹಾರನ್ನಿನಿಂದ ಹಾಡು ಬರುತ್ತಿತ್ತು. ಕಾಯಿ ಒಡೆದಿದ್ದಕ್ಕೇ ಹಾಡು ಬಂತೆಂದು ನಾನು ಲಂಗ ಹಾಕುವ ವಯಸ್ಸಿನಲ್ಲಿ ನಂಬಿದ್ದೆ. ಹಳ್ಳಿಗಳಲ್ಲಿ ದೊಡ್ಡವರೂ ನಂಬಿದ್ದರು. ಒಮ್ಮೆ ಒಬ್ಬ ಯಜಮಾನರು ಕಾಯಿ ತರುವುದು ಮರೆತು, ‘ಹಂಗೇ ಹಾಕಪ್ಪ, ಹೊತ್ತಾಯ್ತು’ ಎಂದರಂತೆ. ಅಣ್ಣ, ‘ಕಾಯಿ ಇಲ್ದೆ ಬಾಯಿ ಬುಡಲ್ಲ ಸ್ವಾಮಿ ಇವ್ಳು’ ಎಂದನಂತೆ. ಆಂಪ್ಲಿಫೈಯರನ್ನು ಅವನು ‘ಇವಳು’ ಎಂದೇ ಕರೆಯುತ್ತಿದ್ದುದು.

ಆಮೇಲೆ ಟ್ರಾನ್ಸಿಸ್ಟರಿನ ಸೆಟ್ಟುಗಳು ಬಂದವು. ಹಗುರ, ಜೋರು, ಸ್ವಿಚ್ ಹಾಕಿದ ಕೂಡಲೇ ಹಾಡು. ಅಣ್ಣನೂ ಅವನ್ನೇ ತಂದ, ತರಲೇಬೇಕಿತ್ತು. ವಾಲ್ವಿನ ಪೆಟ್ಟಿಗೆಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ. ಕಾಯಿ ಒಡೆಯುವುದನ್ನು ಮಾತ್ರ ಬಿಡಲಿಲ್ಲ. ಊದುಬತ್ತಿ ಹಚ್ಚುವುದರೊಳಗೇ ಹಾಡು ಶುರುವಾಗಿಬಿಡುತ್ತಿತ್ತು. ‘ದೇವ್ರಿಗೂ ಕಾಯಲ್ಲ ಕಣೇ ಇದು’ ಎನ್ನುತ್ತಿದ್ದ. ಹೊಸ ಸೆಟ್ಟುಗಳಿಗೆ ಅವನು ‘ಇವಳು’ ಎನ್ನಲಿಲ್ಲ.

ಆಮೇಲೆ ಆಳೆತ್ತರದ ಸ್ಪೀಕರ್ ಡಬ್ಬಗಳು ಬಂದವು, ಹಾರನ್ನು ಕೇಳುವವರು ಇಲ್ಲವಾದರು. ಅಣ್ಣ ಗುಬ್ಬಿಯ ಅಂಗಡಿ ಮುಚ್ಚಿ ಅತ್ತಿಗೆಯ ಊರಾದ ಕುಣಿಗಲ್ಲಿಗೆ ಹೋಗಿ ಮಿಕ್ಸಿ, ಫ್ಯಾನು ರಿಪೇರಿ ಹಿಡಿದ. ಅಷ್ಟು ಹೊತ್ತಿಗೆ ಅವನ ಎಡಗಿವಿ ಹೋಗಿತ್ತು. ಮೂವತ್ತು ವರ್ಷ ಹಾರನ್ನಿನ ಕೆಳಗೆ ಚಾಪೆ ಹಾಕಿ ಮಲಗಿದವನ ಕಿವಿ. ಬಲಗಿವಿಗೆ ಮಿಷನ್ನು ಹಾಕಿಸಿದರು. ಎರಡು ವರ್ಷದ ಹಿಂದೆ ತುಮಕೂರಿನಲ್ಲಿ ಡಾಕ್ಟರಿಗೆ ತೋರಿಸಲು ನಾನೇ ಜೊತೆಗೆ ಹೋಗಿದ್ದೆ. ನರ ಸೋತಿದೆ, ಬಲಗಿವಿಯಲ್ಲಿ ಉಳಿದಿರುವುದೂ ಹೋಗುತ್ತದೆ, ಆರು ತಿಂಗಳೋ ಒಂದು ವರ್ಷವೋ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಹೊರಗೆ ಬಂದು ಎಳನೀರು ಕುಡಿದೆವು. ಅಣ್ಣ ಗಂಜಿ ಕೆರೆಸಿ ತಿಂದ.

‘ಒಂದ್ ಕೆಲ್ಸ ಮಾಡ್ಕೊಡೇ’ ಎಂದ.

‘ಏನಣ್ಣಯ್ಯ?’

‘ಮನೆಗೊಂದು ವಾಲ್ವ್ ಆಂಪ್ಲಿಫೈಯರ್ ಬೇಕು. ಸಣ್ಣದು. ಎರಡು ಬಾಕ್ಸಿಂದು. ಈ ಕಿವೀಗೆ ಈಗಿನ ಸೆಟ್ಟೆಲ್ಲ ತಗಡು ಹರಿದಂಗೆ ಕೇಳುತ್ತೆ. ವಾಲ್ವ್‌ದಾದ್ರೆ ದನಿ ಉಂಡೆ ಉಂಡೆಯಾಗಿ ಬರುತ್ತೆ. ಅವ್ವನ ಕ್ಯಾಸೆಟ್ ಕೇಳ್ಬೇಕು.’

ಅವ್ವನ ಕ್ಯಾಸೆಟ್ಟು ಎಂದರೆ ನನ್ನ ಮದುವೆಯದು. ಅರಿಸಿನ ಹಚ್ಚುವಾಗ ಐದು ಜನ ಮುತ್ತೈದೆಯರು ಸೋಬಾನೆ ಹಾಡಿದ್ದರು. ಅಣ್ಣ ಚಪ್ಪರಕ್ಕೆ ಮೈಕು ಕಟ್ಟಿ ರೆಕಾರ್ಡ್ ಮಾಡಿದ್ದ. ಐದು ಜನರಲ್ಲಿ ಅವ್ವನೂ ಒಬ್ಬಳು. ಅವ್ವನ ದನಿ ಉಳಿದಿರುವುದು ಅದೊಂದರಲ್ಲೇ. ಆದರೆ ಐದೂ ದನಿ ಒಂದಕ್ಕೊಂದು ಅಂಟಿಕೊಂಡಿವೆ. ಯಾವುದು ಅವಳದು ಎಂದು ಬಿಡಿಸುವುದು ಕಷ್ಟ. ವಾಲ್ವಿನಲ್ಲಿ ಹಾಕಿದರೆ ಬಿಡಿಸಬಹುದು, ಕಿವಿ ಹೋಗುವುದರೊಳಗೆ ಒಂದು ಸಲ ಅವ್ವನ ದನಿ ಇದು ಎಂದು ಗುರುತು ಹಿಡಿಯಬೇಕು ಎಂಬುದು ಅಣ್ಣನ ಆಸೆ. ಅವನು ನನ್ನನ್ನು ಕೇಳಿದ್ದು ಅಷ್ಟೇ.

ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ನಾನು ತುಮಕೂರಿನ ಹತ್ತಿರ ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಕೆಲಸಕ್ಕೆ ಹೋಗುತ್ತೇನೆ. ನಾವು ಏಳು ಜನ ಹೆಂಗಸರು. ಸ್ಟೆಬಿಲೈಸರಿಗೆ, ಯುಪಿಎಸ್‌ಗೆ, ಆರ್ಡರು ಬಂದದ್ದಕ್ಕೆ ತಾಮ್ರದ ತಂತಿ ಸುತ್ತಿ, ನಡುವೆ ಕಬ್ಬಿಣದ ತಗಡು ತುಂಬಿ, ವಾರ್ನಿಷ್ ಹಾಕಿ ಕೊಡುತ್ತೇವೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕೈಗೆ ಎತ್ತಿದರೆ ಅದರೊಳಗೆ ಎಷ್ಟು ಕಬ್ಬಿಣ, ಎಷ್ಟು ತಾಮ್ರ ಎಂದು ಹೇಳಬಲ್ಲೆ.

‘ನಿಂಗೆ ಕಬ್ಬಿಣ ಗೊತ್ತು. ನೀನೇ ನೋಡಿ ಆರ್ಸು. ನಮ್ ಕೈಗೆ ಎಟುಕೋದು’ ಎಂದ ಅಣ್ಣ.

ನಾನು ನಿಜವಾಗಿಯೂ ಓಡಾಡಿದೆ. ಅದನ್ನೂ ಹೇಳಬೇಕು. ಭಾನುವಾರ ಗುಬ್ಬಿಗೆ ಹೋಗಿ ಅಣ್ಣನ ಕಾಲದ ಇನ್ನೊಬ್ಬ ಮೈಕ್‌ಸೆಟ್ಟಿನವರ ಮನೆ ಹುಡುಕಿದೆ. ಅಟ್ಟದ ಮೇಲೆ ಒಂದು ಹಳೆಯ ವಾಲ್ವಿನ ಪೆಟ್ಟಿಗೆ ಇತ್ತು. ಆದರೆ ಅದು ಹಾರನ್ನಿಗೆ ಮಾಡಿದ್ದು, ಮನೆಯ ಸ್ಪೀಕರಿಗೆ ಹೊಂದುವುದಿಲ್ಲ. ಮೇಲಾಗಿ ಇಲಿ ತಂತಿ ಕಡಿದಿತ್ತು. ಬೆಂಗಳೂರಿನಲ್ಲಿ ಹೊಸದು ಮಾಡುವವರಿದ್ದಾರೆ ಎಂದು ನಮ್ಮ ಶೆಡ್ಡಿನ ಹುಡುಗಿಯೊಬ್ಬಳು ಫೋನಿನಲ್ಲಿ ತೋರಿಸಿದಳು. ಅದರ ಬೆಲೆ ನೋಡಿ ಎಲ್ಲರೂ ನಕ್ಕೆವು. ‘ಅಕ್ಕ, ಇಷ್ಟಕ್ಕೆ ಹಾಡೋರ್ನೇ ಮನೆಗ್ ಕರಿಸ್‌ಬೋದು’ ಎಂದಳು.

ಕೊನೆಗೆ ತುಮಕೂರಿನಲ್ಲೇ ಒಬ್ಬರು ಸಿಕ್ಕರು. ರೇಡಿಯೊ ರಿಪೇರಿ ಮಾಡುತ್ತಿದ್ದ ಮುದುಕರು. ಹಿಂದಿನ ಬೀದಿಯ ಒಂದು ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಗಡಿಯಾರ ರಿಪೇರಿಯವರ ದುರ್ಬೀನು ಹಾಕಿಕೊಂಡು ಕೂತಿದ್ದರು. ನಾನು ಬಂದ ಕೆಲಸ ಹೇಳಿದೆ.

‘ವಾಲ್ವ್ ನನ್ ಹತ್ರ ಇದೆ. ಹಳೇ ರೇಡಿಯೊದವು, ಚೆನ್ನಾಗಿವೆ’ ಎಂದರು. ‘ಡಬ್ಬ, ಕಂಡೆನ್ಸರ್, ಅದೆಲ್ಲ ದೊಡ್ಡ ಬಾಬತ್ತಲ್ಲ. ಇದ್ರಲ್ಲಿ ದುಬಾರಿ ಅಂದ್ರೆ ಟ್ರಾನ್ಸ್‌ಫಾರ್ಮರು. ಕರೆಂಟಿಗೊಂದು, ಎಡದ ಬಾಕ್ಸಿಗೊಂದು, ಬಲದ ಬಾಕ್ಸಿಗೊಂದು. ಮೂರು. ಅದನ್ನ ಸುತ್ತೋರು ಈಗ ಯಾರಿದಾರಮ್ಮ?’

‘ನಾನು ಸುತ್ತುತೀನಿ.’

ಅವರು ದುರ್ಬೀನು ತೆಗೆದು ನನ್ನ ಕೈ ನೋಡಿದರು, ಮುಖ ನೋಡಲಿಲ್ಲ. ‘ಹಂಗಾದ್ರೆ ಬಡವ್ರ ಕೈಗೂ ಎಟುಕುತ್ತೆ’ ಎಂದರು.

ಆಯ್ಕೆ ಮುಗಿಯಿತು. ಎಟುಕುವ ಬೆಲೆಯಲ್ಲಿ ಒಳ್ಳೆಯದು ಬೇಕೆಂದರೆ ಅದೊಂದೇ ದಾರಿ, ಅದೂ ನನ್ನ ಕೈಯಲ್ಲಿ. ಅಣ್ಣನಿಗೆ ಫೋನು ಮಾಡಿ ಹೇಳಿದೆ. ಮಿಷನ್ನಿನ ಕಿವಿಗೆ ಅರ್ಥವಾಗಲು ಮೂರು ಸಲ ಕೂಗಬೇಕಾಯಿತು. ಅರ್ಥವಾದ ಮೇಲೆ ಅವನು ಆ ಕಡೆ ಅತ್ತಿಗೆಗೆ ಕೂಗಿ ಹೇಳಿದ: ‘ನನ್ ತಂಗಿ ಸುತ್ತುತಾಳಂತೆ ಕಣೇ! ಅವಳೇ ಸುತ್ತುತಾಳಂತೆ!’

ಶೆಡ್ಡಿನ ಮಾಲೀಕರನ್ನು ಕೇಳಿದೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಸುತ್ತುವ ಮಿಷನ್ನು ಬಳಸಿಕೋ ಎಂದರು. ಕರೆಂಟಿನ ಟ್ರಾನ್ಸ್‌ಫಾರ್ಮರು ನಮಗೆ ದಿನದ ಕೆಲಸ, ಒಂದೇ ಸಂಜೆಗೆ ಆಯಿತು. ಸ್ಪೀಕರಿನದು ಹಾಗಲ್ಲ. ತಂತಿ ಕೂದಲಿಗಿಂತ ಸಣ್ಣ. ಒಂದು ಪದರ ಸುತ್ತಿ, ಮೇಲೆ ಕಾಗದ ಹಾಸಿ, ಇನ್ನೊಂದು ಪದರ. ಮಧ್ಯೆ ದಪ್ಪ ತಂತಿಯ ಪದರ, ಮತ್ತೆ ಸಣ್ಣದು. ಬಿಗಿ ಹೆಚ್ಚಾದರೆ ಪಟ್ಟೆಂದು ಹರಿಯುತ್ತದೆ. ಹರಿದರೆ ಮೊದಲಿನಿಂದ. ನಾಲ್ಕು ಸಲ ಹರಿಯಿತು. ಹತ್ತು ಹನ್ನೆರಡು ಸಂಜೆ ಹಿಡಿಯಿತು ಒಂದಕ್ಕೆ.

ಅದನ್ನು ತೆಗೆದುಕೊಂಡು ಹೋಗಿ ಮುದುಕರ ಮುಂದೆ ಇಟ್ಟೆ. ಅವರು ತಿರುಗಿಸಿ ನೋಡಿ ನಗಲು ಶುರು ಮಾಡಿದರು.

‘ಸುತ್ತಿರೋದು ಮುತ್ತಿನಂಗಿದೆ. ತಗಡು ಹಾಕಿರೋದು ನೋಡು, ಸ್ಟೆಬಿಲೈಸರ್ ಥರ ಎರಡೂ ಕಡೆಯಿಂದ ಹೆಣ್ದಿದೀಯ!’

ನಮ್ಮ ಶೆಡ್ಡಿನಲ್ಲಿ ತಗಡುಗಳನ್ನು ಒಂದು ಬಲದಿಂದ, ಒಂದು ಎಡದಿಂದ, ಜಡೆಯ ಹಾಗೆ ತುಂಬುತ್ತೇವೆ. ಅದು ಕೈಗೆ ಕೂತುಬಿಟ್ಟಿದೆ. ಈ ಬಗೆಯದಕ್ಕೆ ಎಲ್ಲವನ್ನೂ ಒಂದೇ ಕಡೆಯಿಂದ ತುಂಬಿ, ಎದುರು ಕಡೆ ತಗಡಿನ ಮಧ್ಯೆ ಒಂದು ಚೂರು ಕಾಗದ ಇಡಬೇಕಂತೆ.

‘ಕಾಗದ ಯಾಕೆ?’ ಎಂದೆ.

‘ಉಸಿರಾಡಾಕೆ’ ಎಂದರು. ‘ಬಿಗಿಯಾಗಿ ಹೆಣ್ದುಬುಟ್ರೆ ಕಬ್ಬಿಣ ಉಸಿರು ಕಟ್ಕೊಳುತ್ತೆ, ದನಿ ಒಡೆಯುತ್ತೆ.’

ಬಿಚ್ಚಿ ಮತ್ತೆ ತುಂಬಿದೆ. ಒಂದು ತಯಾರಾಯಿತು, ಕರೆಂಟಿನದರ ಜೊತೆ ಅದನ್ನೂ ಮುದುಕರ ಹತ್ತಿರವೇ ಬಿಟ್ಟೆ. ಎರಡನೆಯದನ್ನು ಶುರು ಮಾಡಿದೆ. ಅರ್ಧಕ್ಕೆ ಬಂದಾಗ ತಂತಿ ಹರಿಯಿತು. ಮತ್ತೆ ಶುರು ಮಾಡಿದೆ, ಮತ್ತೆ ಹರಿಯಿತು. ಅವತ್ತು ಶೆಡ್ಡಿಗೆ ಬೀಗ ಹಾಕಿ ಶೆಟ್ಟಿಹಳ್ಳಿಯ ನಮ್ಮ ಮನೆಗೆ ನಡೆದು ಬಂದೆ. ಮಾರನೆಯ ದಿನ ಸಂಜೆ ಮಿಷನ್ನಿನ ಹತ್ತಿರ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಅರ್ಧ ಸುತ್ತಿದ ಬೊಬಿನ್ನನ್ನು ಮನೆಗೆ ತಂದು ಸ್ಟೀಲಿನ ಡಬ್ಬಿಗೆ ಹಾಕಿ ಮಂಚದ ಕೆಳಗೆ ತಳ್ಳಿದೆ.

ನನಗೆ ಕಷ್ಟವೇನೂ ಇರಲಿಲ್ಲ. ಮನೆಯಲ್ಲಿ ಯಾರಿಗೂ ಕಾಯಿಲೆಯಿರಲಿಲ್ಲ. ಮನೆಯವರು ಬೇಡ ಎನ್ನಲಿಲ್ಲ. ಸಂಜೆ ಮನೆಗೆ ಬಂದು, ಕಾಲು ಚಾಚಿ, ಫೋನಿನಲ್ಲಿ ಯಾರೋ ಅಡುಗೆ ಮಾಡುವುದನ್ನು ನೋಡುತ್ತಿದ್ದೆ. ಅಣ್ಣನ ಫೋನು ಬಂದರೆ ‘ಆಗ್ತಾ ಇದೆ’ ಎನ್ನುತ್ತಿದ್ದೆ. ಎರಡು ತಿಂಗಳು ಹಾಗೇ ಅಂದೆ. ಒಳಗೊಳಗೆ ನಾನು ಹೇಳಿಕೊಂಡ ಮಾತು ಇದು: ಅವನಿಗೆ ಇರುವುದೇ ಒಂದು ಕಿವಿ, ಅದರಲ್ಲೂ ಅರ್ಧ, ಎಡಕ್ಕೊಂದು ಬಲಕ್ಕೊಂದು ಸುತ್ತಿ ಏನಾಗಬೇಕು, ಅವನಿಗೆ ಏನು ಗೊತ್ತಾಗುತ್ತದೆ. ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಮನಸ್ಸಿನಲ್ಲೇ ಆಡಿಕೊಂಡೆ. ಬಹಳ ಸಲ ಆಡಿಕೊಂಡದ್ದರಿಂದ ಅದು ನ್ಯಾಯದ ಮಾತಿನ ಹಾಗೆಯೇ ಕೇಳುತ್ತಿತ್ತು.

ಆಮೇಲೆ ಶೆಡ್ಡಿನ ಹುಡುಗಿ ಫೋನಿನಲ್ಲಿ ಇನ್ನೊಂದು ತೋರಿಸಿದಳು. ‘ಅಕ್ಕ, ಇದ್ರಲ್ಲೂ ವಾಲ್ವ್ ಐತೆ ನೋಡಿ, ನಾಕು ದಿನದಲ್ಲಿ ಮನೆಗೇ ಬರುತ್ತೆ.’ ಪೆಟ್ಟಿಗೆಯ ಮೇಲೆ ನಾಲ್ಕು ಗಾಜಿನ ವಾಲ್ವು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದ್ದವು. ಮುದುಕರದಕ್ಕೂ ಇದಕ್ಕೂ ಬೆಲೆ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಇದು ದುಡ್ಡಿನ ಕತೆಯೂ ಅಲ್ಲ. ತರಿಸಿದೆ.

ಪೆಟ್ಟಿಗೆಯನ್ನು ಕೈಗೆ ಎತ್ತಿದ ಕೂಡಲೇ ನನಗೆ ಗೊತ್ತಾಯಿತು. ಒಂದು ಕೈಯಲ್ಲಿ ಎತ್ತಬಹುದಿತ್ತು. ಒಳಗೆ ಕಬ್ಬಿಣವೇ ಇಲ್ಲ. ಆದರೂ ಮೇಜಿನ ಮೇಲಿಟ್ಟು, ಮಗಳ ಹಳೆಯ ಸ್ಪೀಕರು ಸಿಕ್ಕಿಸಿ ಹಾಡು ಹಾಕಿದೆ. ಸ್ವಿಚ್ ಹಾಕಿದ ಕೂಡಲೇ ಹಾಡಿತು. ಹಾಡುತ್ತಿರುವಾಗಲೇ ಒಂದು ವಾಲ್ವನ್ನು ಕಿತ್ತೆ. ಹಾಡು ನಿಲ್ಲಲಿಲ್ಲ. ನಾಲ್ಕನ್ನೂ ಕಿತ್ತೆ. ಹಾಡುತ್ತಲೇ ಇತ್ತು. ವಾಲ್ವು ಸಿಕ್ಕಿಸುವ ಗುಳಿಯಲ್ಲಿ ಸೀರಿಯಲ್ ಸೆಟ್ಟಿನಂಥ ಪುಟ್ಟ ದೀಪ ಉರಿಯುತ್ತಿತ್ತು, ಅಷ್ಟೇ. ವಾಲ್ವುಗಳನ್ನು ವಾಪಸು ಸಿಕ್ಕಿಸಿ, ಪೆಟ್ಟಿಗೆ ಕಟ್ಟಿ, ಭಾನುವಾರ ಕುಣಿಗಲ್ಲಿನ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಭಾರವೇ ಆಗಲಿಲ್ಲ.

ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಬಿಳಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡಿದ್ದ. ಅವತ್ತು ಬೆಳಿಗ್ಗೆ ಯಡಿಯೂರಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಿದ್ದನಂತೆ, ಈ ಪೆಟ್ಟಿಗೆಯ ಹೆಸರಿನಲ್ಲಿ. ಅತ್ತಿಗೆ, ‘ಎಮ್ಮೆ ತಂದಾಗ್ಲೂ ಇಷ್ಟು ಸಂಭ್ರಮ ಮಾಡಿರ್ಲಿಲ್ಲ ನೋಡವ್ವ ನಿಮ್ಮಣ್ಣ’ ಎಂದಳು.

ಪೆಟ್ಟಿಗೆ ಬಿಚ್ಚಿದೆ. ಅವನು ಎತ್ತಲು ಬಂದ. ನಾನು ತಡೆದು, ‘ಬುಡಣ್ಣಯ್ಯ, ನಾನೇ ಇಡ್ತೀನಿ’ ಎಂದು ಬೇಗ ಎತ್ತಿ ಇಟ್ಟುಬಿಟ್ಟೆ.

‘ಒಳಗಿರೋದು ನೀನು ಸುತ್ತಿದ್ದಾ?’ ಎಂದ.

‘ಹ್ಞೂಂ.’

‘ಎರಡೂ?’

‘ಎರಡೂ ನಾನೇ ಸುತ್ತಿದ್ದು.’

ಅವನು ಮನೆಯಲ್ಲಿದ್ದ ಟೇಪು, ಸ್ಪೀಕರು ಅದಕ್ಕೆ ಜೋಡಿಸಿ ಕ್ಯಾಸೆಟ್ ಹಾಕಿದ. ಸ್ವಿಚ್ಚು ಒತ್ತಿದ. ಊದುಬತ್ತಿಗೆ ಕಡ್ಡಿ ಗೀರಿದ. ಕಡ್ಡಿ ಹತ್ತುವುದರೊಳಗೆ ಐದು ಜನ ಹೆಂಗಸರು ಹಾಡತೊಡಗಿದರು.

ಅಣ್ಣನ ಕೈ ನಿಂತಿತು. ಕಡ್ಡಿ ಬೆರಳಿನವರೆಗೆ ಉರಿಯಿತು. ಅದನ್ನು ಕೊಡವಿ ಎಸೆದ. ಇನ್ನೊಂದು ಗೀರಿ ಊದುಬತ್ತಿ ಹಚ್ಚಿದ, ಕರ್ಪೂರ ಬೆಳಗಿದ, ಕಾಯಿ ತೆಗೆದುಕೊಂಡು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಒಡೆದ. ಕುರ್ಚಿ ಎಳೆದುಕೊಂಡು ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೂತ. ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದ.

‘ಹೆಂಗೈತಣ್ಣಯ್ಯ?’ ಎಂದು ಕೂಗಿದೆ.

‘ಚೆನ್ನಾಗೈತೆ ಕಣೇ’ ಎಂದ. ‘ಅವ್ವ ಗೊತ್ತಾದ್ಳು. ಮೂರ್ನೇ ದನಿ ಅವಳ್ದು.’

ನಾನು ಊಟ ಮಾಡಿ, ಅತ್ತಿಗೆ ಕೊಟ್ಟ ಅರ್ಧ ಕಾಯಿ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ನಿದ್ದೆಯೂ ಬಂತು. ಕಡ್ಡಿ ಹಿಡಿದ ಅವನ ಕೈ ನಿಂತದ್ದು ಕಂಡಿತ್ತು. ಕಿವಿಯ ಮಿಷನ್ನು ಕಿರ್ರೆಂದಿರಬೇಕು, ಅದಕ್ಕೆ ನಿಂತ ಎಂದುಕೊಂಡೆ. ಮೂರನೆಯ ದನಿ ಎಂದನಲ್ಲ, ಬೇಕಾದದ್ದು ಸಿಕ್ಕಿತಲ್ಲ, ಇನ್ನೇನು ಎಂದುಕೊಂಡೆ. ಮಂಚದ ಕೆಳಗಿನ ಡಬ್ಬಿ ಅಲ್ಲೇ ಇತ್ತು. ಕಸ ಗುಡಿಸುವಾಗ ಪೊರಕೆಗೆ ತಗಲುತ್ತಿತ್ತು. ಪೊರಕೆಯನ್ನು ಅದರ ಸುತ್ತ ಆಡಿಸಿ ಬರುತ್ತಿದ್ದೆ.

ಮೂರು ತಿಂಗಳಾದ ಮೇಲೆ ಇರಬೇಕು, ಮತ್ತೆ ಕುಣಿಗಲ್ಲಿಗೆ ಹೋಗಿದ್ದೆ. ಸಂಜೆ ಪಕ್ಕದ ಮನೆಯವರು ಬಂದಿದ್ದರು, ರಿಟೈರಾದ ಲೈನ್‌ಮ್ಯಾನು. ಅಣ್ಣ ಅವರಿಗೆ ಪೆಟ್ಟಿಗೆ ತೋರಿಸುತ್ತಿದ್ದ.

‘ಇದು ಅಂಗಡಿ ಮಾಲಲ್ಲ ಗೌಡ್ರೇ. ಒಳಗಿರೋ ಟ್ರಾನ್ಸ್‌ಫಾರ್ಮರ್ ನನ್ ತಂಗಿ ಸುತ್ತಿದ್ದು. ಇಗೋ, ಇವಳೇ.’

‘ಓಹೋ, ಹೆಣ್ಮಕ್ಳು ಜಡೆ ಹೆಣೆಯೋದು ಕೇಳಿದೀವಿ, ಕರೆಂಟ್ ಹೆಣೆಯೋದು ಕೇಳಿರ್ಲಿಲ್ಲ ಬುಡಿ’ ಎಂದು ಅವರು ನಕ್ಕರು. ‘ಹಾಕಿ ಸ್ವಾಮಿ, ಕೇಳಾಣ.’

ಅಣ್ಣ ಪೆಟ್ಟಿಗೆಯ ಮುಂದೆ ಕೂತ. ನಾನು ಅಡುಗೆಮನೆಯ ಬಾಗಿಲಲ್ಲಿ, ಅವನ ಎಡಕ್ಕೆ ನಿಂತಿದ್ದೆ. ಅವನ ಎಡಗೈ ಮೊದಲು ವಾಲ್ಯೂಮಿನ ಗುಂಡಿಗೆ ಹೋಯಿತು. ಅದನ್ನು ಪೂರ್ತಿ ಕೆಳಗೆ ತಿರುಗಿಸಿತು. ಆಮೇಲೆ ಬಲಗೈ ಸ್ವಿಚ್ಚು ಒತ್ತಿತು. ಗಾಜುಗಳು ಕಿತ್ತಳೆಯಾಗಿ ಹತ್ತಿದವು. ಹಾಡು ಬರಲಿಲ್ಲ.

‘ಎಲ್ಲಿ?’ ಎಂದರು ಲೈನ್‌ಮ್ಯಾನು.

‘ಕಾಯ್ಬೇಕು. ವಾಲ್ವ್ ಅಂದ್ರೆ ಸುಮ್ನೆ ಅಲ್ಲ. ಕಾಯ್ಬೇಕು’ ಎಂದ ಅಣ್ಣ.

ಗುಬ್ಬಿಯ ಕಾಲದ್ದು ಏನೋ ಹೇಳತೊಡಗಿದ. ಯಾವುದೋ ಮದುವೆ, ಯಾವುದೋ ಬೀಗರ ಜಗಳ. ಹೇಳುತ್ತಾ ಹೇಳುತ್ತಾ, ಕಾಯಿ ಒಡೆಯುವಷ್ಟು ಹೊತ್ತು ಸರಿಯಾಗಿ ಬಿಟ್ಟು, ಎಡಗೈಯಿಂದ ಗುಂಡಿಯನ್ನು ಮೆಲ್ಲಗೆ, ಮೆಲ್ಲಗೆ ಮೇಲಕ್ಕೆ ತಿರುಗಿಸಿದ. ವಾಲ್ವು ಕಾದು ಬರುವ ಹಾಗೆಯೇ ಹಾಡು ಬಂತು. ಲೈನ್‌ಮ್ಯಾನು ತಲೆದೂಗಿದರು.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಗ್ಯಾಸಿನ ಮೇಲೆ ಹಾಲು ಉಕ್ಕಿತು. ಅತ್ತಿಗೆ ‘ಅಲ್ಲೇ ನಿಂತಿದೀಯಲ್ಲೇ, ನೋಡ್ಬಾರ್ದಾ’ ಎಂದು ಬೈದಳು. ಬಟ್ಟೆ ತೆಗೆದುಕೊಂಡು ಒಲೆ ಒರೆಸಿದೆ. ಅವನಿಗೆ ಮೊದಲ ದಿನವೇ, ಮೊದಲ ಕಡ್ಡಿಯಲ್ಲೇ ಗೊತ್ತಾಗಿದೆ. ಮೂರು ತಿಂಗಳಿಂದ ಬಂದವರ ಮುಂದೆಲ್ಲ ನನ್ನ ಸುಳ್ಳನ್ನು ಕೈಯಾರೆ ಕಾಯಿಸುತ್ತಿದ್ದಾನೆ.

ಅವತ್ತು ಹೇಳಬಹುದಿತ್ತು. ಅವನ ಬಲಗಿವಿ ಇನ್ನೂ ಕೇಳುತ್ತಿತ್ತು. ಲೈನ್‌ಮ್ಯಾನು ಹೋದ ಮೇಲೆ ನಾವಿಬ್ಬರೇ ಕೂತಿದ್ದೆವು. ಅವನು ಕಡಲೆಪುರಿಯ ತಟ್ಟೆ ನನ್ನ ಕಡೆ ಸರಿಸಿದ. ತುಮಕೂರಿನ ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ. ಹೊತ್ತಾಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಲ್ಲು ಬೆಂಚಿನ ಮೇಲೆ ಕೂತಿದ್ದೆ.

ಮನೆಗೆ ಬಂದು ಡಬ್ಬಿಯನ್ನಾದರೂ ತೆಗೆದೆನೇ? ತೆಗೆಯಲಿಲ್ಲ. ಇದನ್ನು ಬರೆಯುವಾಗ ಇದೇ ಎಲ್ಲಕ್ಕಿಂತ ಕಷ್ಟ. ಗೊತ್ತಾದ ಮೇಲೂ ಐದು ತಿಂಗಳು ಇತ್ತು. ಒಂದು ಟ್ರಾನ್ಸ್‌ಫಾರ್ಮರಿಗೆ ಹನ್ನೆರಡು ಸಂಜೆ ಸಾಕು. ಐದು ತಿಂಗಳಲ್ಲಿ ಎಷ್ಟು ಸಂಜೆ ಬಂದು ಹೋಗಿರಬೇಕು. ನಾನು ಕುಣಿಗಲ್ಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅಷ್ಟೇ ನಾನು ಮಾಡಿದ್ದು.

ಒಂದು ಬೆಳಿಗ್ಗೆ ಅತ್ತಿಗೆಯ ಫೋನು ಬಂತು. ‘ಎದ್ದಾಗಿಂದ ಕಿವಿ ಮಿಷನ್ ತೆಗ್ದು ತೆಗ್ದು ಹಾಕ್ತಾವ್ರೆ, ಸೆಲ್ ಬದಲಾಯಿಸ್ತಾವ್ರೆ. ಏನೂ ಕೇಳ್ತಿಲ್ವಂತೆ. ಮುಗೀತು ಅನ್ಸುತ್ತೆ ಕಣವ್ವ.’ ಹಿಂದುಗಡೆ ಅಣ್ಣನ ದನಿ ಕೇಳುತ್ತಿತ್ತು. ‘ಯಾರೇ? ಯಾರೇ ಫೋನಲ್ಲಿ?’ ಎಂದು ಜೋರಾಗಿ ಕೂಗುತ್ತಿದ್ದ. ಡಾಕ್ಟರ ಹತ್ತಿರ ಮತ್ತೆ ಹೋದೆವು. ಡಾಕ್ಟರು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟರು. ಅವನು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡ. ಹೊರಗೆ ಬಂದು ಎಳನೀರು ಕುಡಿದೆವು. ಗಂಜಿ ಕೆರೆಸಿ ತಿಂದ.

ಅವತ್ತು ಸಂಜೆ ಡಬ್ಬಿ ತೆಗೆದೆ. ಇದರಲ್ಲಿ ಒಳ್ಳೆಯತನವೇನೂ ಇಲ್ಲ. ಅವನಿಗೆ ಇನ್ನು ಬೇಡವಾದ ಮೇಲೆ ಸುಲಭವಾಯಿತು ಎಂದೇ ಹೇಳಬೇಕು. ಹರಿದ ತಂತಿ ಬಿಚ್ಚಿ ಹೊಸದಾಗಿ ಸುತ್ತಿದೆ. ಒಂದು ಸಲವೂ ಹರಿಯಲಿಲ್ಲ. ಒಂಬತ್ತನೆಯ ಸಂಜೆಗೆ ಮುಗಿಯಿತು. ತಗಡನ್ನು ಒಂದೇ ಕಡೆಯಿಂದ ತುಂಬಿ, ಕಾಗದದ ಚೂರು ಇಟ್ಟು, ಬಿಗಿದು ಮುದುಕರ ಹತ್ತಿರ ಒಯ್ದೆ.

‘ಬದುಕಿದೀಯಾ ತಾಯಿ?’ ಎಂದರು. ‘ನಿಮ್ ಅಣ್ಣನ ವಾಲ್ವು ಕಾದೂ ಕಾದೂ ತಣ್ಣಗಾಗಿದಾವೆ.’

ಅವರಿಗೆ ಅಣ್ಣನ ಕಿವಿಯ ವಿಷಯ ಹೇಳಲಿಲ್ಲ. ಮೂರು ವಾರದಲ್ಲಿ ಕಟ್ಟಿ ಕೊಟ್ಟರು. ಬಣ್ಣವಿಲ್ಲದ ತಗಡಿನ ಡಬ್ಬ, ಮೇಲೆ ನಾಲ್ಕು ಹಳೆಯ ವಾಲ್ವು, ಹಿಂದೆ ಸಾಲಾಗಿ ಮೂರು ಟ್ರಾನ್ಸ್‌ಫಾರ್ಮರು. ಅಂಗಡಿಯಲ್ಲೇ ಹಾಕಿ ತೋರಿಸುತ್ತೇನೆ ಎಂದರು. ಬೇಡ ಎಂದೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಹೆಬ್ಬೂರು ದಾಟುವುದರೊಳಗೆ ಕಾಲು ಮರಗಟ್ಟಿತು. ಕೆಳಗೆ ಇಡಲಿಲ್ಲ.

ಅಣ್ಣನ ಮನೆಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಮೊದಲು ನೋಟ್‌ಬುಕ್ ತೆಗೆದುಕೊಂಡೆ. ಅತ್ತಿಗೆ ಬರೆದ ‘ಸೊಪ್ಪು ತನ್ನಿ’ ಎಂಬುದರ ಕೆಳಗೆ ಬರೆದೆ: ‘ಮೊದಲು ತಂದಿದ್ದು ವಾಲ್ವಿನದಲ್ಲ. ಅದರಲ್ಲಿ ನಾನು ಸುತ್ತಿದ್ದು ಏನೂ ಇರಲಿಲ್ಲ. ಗೊತ್ತಿದ್ದೇ ತಂದೆ. ಇದು ನಾನು ಸುತ್ತಿದ್ದು.’ ಅಷ್ಟು ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವನು ಪಕ್ಕದಲ್ಲಿ ಕೂತು ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಓದಿದ. ಇನ್ನೊಂದು ಸಲ ಓದಿದ. ನೋಟ್‌ಬುಕ್ ಮುಚ್ಚಿ ಟೀವಿ ಸ್ಟ್ಯಾಂಡಿನ ಮೇಲೆ ಇಟ್ಟ.

‘ಕಾಯಿ ತಂದಿದೀಯೇನೇ?’ ಎಂದ ಜೋರಾಗಿ.

ತಂದಿರಲಿಲ್ಲ. ಅತ್ತಿಗೆ ಹಿತ್ತಿಲಿಗೆ ಹೋಗಿ ಒಂದು ಸುಲಿದು ತಂದಳು. ಅಣ್ಣ ಹಳೆಯ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿ ಕೆಳಗಿಟ್ಟ. ಹೊಸದನ್ನು ಎತ್ತಲು ಬಗ್ಗಿದ. ಈ ಸಲ ನಾನು ತಡೆಯಲಿಲ್ಲ. ಎತ್ತಿ, ‘ಹ್ಞಾ’ ಎಂದ. ಮೇಜಿನ ಮೇಲಿಟ್ಟ. ಸ್ಪೀಕರಿನ ತಂತಿಗಳನ್ನು ತಾನೇ ಸಿಕ್ಕಿಸಿದ. ಅವ್ವನ ಕ್ಯಾಸೆಟ್ ಹಾಕಿದ. ವಾಲ್ಯೂಮು ಮುಟ್ಟಲಿಲ್ಲ. ಸ್ವಿಚ್ಚು ಒತ್ತಿ ಊದುಬತ್ತಿ ಹಚ್ಚಿದ. ಹಾಡು ಬರಲಿಲ್ಲ. ಕರ್ಪೂರ ಬೆಳಗಿದ. ಬರಲಿಲ್ಲ. ಗಾಜಿನೊಳಗೆ ಸಣ್ಣ ಕೆಂಪು ಗೆರೆ ಕಾಣತೊಡಗಿತು. ಅವನು ಬಾಗಿಲ ಕಲ್ಲಿನ ಮೇಲೆ ಕಾಯಿ ಒಡೆದು, ಎರಡು ಹೋಳನ್ನು ಪೆಟ್ಟಿಗೆಯ ಮುಂದಿಟ್ಟು, ನನ್ನ ಮುಖ ನೋಡಿದ.

‘ಬಂತಾ?’

ಆಗ ತಾನೇ ಬರುತ್ತಿತ್ತು. ಮೊದಲು ದೂರದಿಂದ, ಆಮೇಲೆ ಹತ್ತಿರ. ನಾನು ತಲೆಯಾಡಿಸಿದೆ.

ಅವನು ಕುರ್ಚಿ ಎಳೆದುಕೊಂಡು ಕೂತ. ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಲಿಲ್ಲ. ಅಂಗೈಯನ್ನು ವಾಲ್ವುಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದ. ‘ಬಿಸಿ ಐತೆ’ ಎಂದ. ಐದು ಜನ ಹಾಡುತ್ತಿದ್ದರು. ಬಳೆಯ ಸದ್ದು ಇತ್ತು, ಯಾರೋ ಕೆಮ್ಮಿದರು, ಒಬ್ಬಳು ಸಾಲು ತಪ್ಪಿ ಮತ್ತೆ ಸೇರಿಕೊಂಡಳು. ಇದ್ಯಾವುದೂ ನಾನು ಮುಂಚೆ ಕೇಳಿರಲಿಲ್ಲ.

‘ಅವ್ವ ಗೊತ್ತಾಗ್ತಾವ್ಳಾ?’ ಎಂದು ಕೇಳಿದ.

ದನಿಗಳು ಬಿಡಿ ಬಿಡಿಯಾಗಿದ್ದವು. ಐದನ್ನೂ ಎಣಿಸಬಹುದಿತ್ತು. ನಾನು ಮೂರನೆಯದನ್ನು ಹುಡುಕಿದೆ. ಅದು ಯಾರೋ ಎಳೆಯ ಹೆಂಗಸಿನ ದನಿ. ಅವ್ವನದಲ್ಲ. ಉಳಿದ ನಾಲ್ಕರಲ್ಲಿ ಯಾವುದು ಎಂದು ನನಗೆ ಗೊತ್ತಾಗಲಿಲ್ಲ. ಅವ್ವ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವಳ ದನಿ ನನಗೆ ಮರೆತುಹೋಗಿದೆ. ಅದನ್ನು ನೆನಪಿಟ್ಟುಕೊಂಡಿದ್ದ ಕಿವಿ ಒಂದೇ. ಅದು ಅವನದು.

ಹೌದು ಎಂದು ತಲೆಯಾಡಿಸಬಹುದಿತ್ತು. ಇಲ್ಲ ಎಂದು ಆಡಿಸಿದೆ.

‘ಬುಡು’ ಎಂದ ಅಣ್ಣ, ಬೀದಿಗೆಲ್ಲ ಕೇಳುವಂತೆ. ‘ನಂಗೂ ಅವತ್ತು ಗೊತ್ತಾಗಿರ್ಲಿಲ್ಲ ಕಣೇ. ಸುಮ್ನೆ ಮೂರು ಅಂದೆ.’

ಕೈಯನ್ನು ವಾಲ್ವುಗಳ ಮೇಲಿಂದ ತೆಗೆಯಲಿಲ್ಲ. ಸೋಬಾನೆ ಮುಗಿಯಿತು. ಕ್ಯಾಸೆಟ್ಟಿನ ಆ ಮಗ್ಗುಲು ಖಾಲಿ ಓಡಿ ಟಕ್ಕೆಂದು ನಿಂತಿತು. ಅವನಿಗೆ ಗೊತ್ತಾಗಲಿಲ್ಲ, ಹಾಗೇ ಕೂತಿದ್ದ. ನಾನು ಎದ್ದು ಹೋಗಿ ಕ್ಯಾಸೆಟ್ಟನ್ನು ತಿರುವಿ ಹಾಕಿದೆ.